ಸಂತೆ ಚಿತ್ರ ಅಂದ್ರೆ ಬರೀ ಮೆಣಸಿನಕಾಯಿ ರಾಶಿ, ಅಜ್ಜಿ ಮುಖ ಅಷ್ಟೇನಾ?

ಕಾಳಿ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಸದಾಶಿವಗಡದವನು, ಜಲವರ್ಣದಲ್ಲಿ ಚಿತ್ರ ಬರೆಯುವ ಹುಚ್ಚು ಇದೆ. ಕಾರವಾರದ ಭಾನುವಾರ ಸಂತೆ ಮೇಲೆ ಒಂದು ಸಾಲು ಚಿತ್ರ ಮಾಡಬೇಕು ಅಂತಿದ್ದೇನೆ. ಬೇರೆಯವರು ಏನು ಮಾಡಿದ್ದಾರೆ ನೋಡೋಣ ಅಂತ ಹುಡುಕಿದರೆ ಸಿಕ್ಕಿದ್ದೆಲ್ಲ ಒಂದೇ ಥರ. ಮುಂದೆ ಮೆಣಸಿನಕಾಯಿ ರಾಶಿ, ಹಿಂದೆ ಅಜ್ಜಿ, ಅಜ್ಜಿ ಮುಖದ ಸುಕ್ಕಿನ ಮೇಲೆ ಓರೆ ಬೆಳಕು. ಅದು ಫೋಟೊ ಆಗಲಿ, ತೈಲವರ್ಣ ಆಗಲಿ, ಹೋಟೆಲ್ ರಿಸೆಪ್ಶನ್‌ನಲ್ಲಿ ತೂಗುಹಾಕಿದ ಪ್ರಿಂಟ್ ಆಗಲಿ, ಅದೇ ಅಜ್ಜಿ.

ನನಗೆ ಕಿರಿಕಿರಿ ಆಗಿದ್ದು ಅಜ್ಜಿ ಬಗ್ಗೆ ಅಲ್ಲ. ಆ ಚಿತ್ರಗಳಲ್ಲಿ ವ್ಯಾಪಾರವೇ ಇಲ್ಲ! ಯಾರೂ ಚೌಕಾಸಿ ಮಾಡುತ್ತಿಲ್ಲ, ಯಾರೂ ದುಡ್ಡು ಎಣಿಸುತ್ತಿಲ್ಲ, ಚಿಲ್ಲರೆ ಇಲ್ಲ ಅಂತ ಪಕ್ಕದವಳ ಹತ್ತಿರ ಕೇಳುತ್ತಿಲ್ಲ. ಹುಬ್ಬಳ್ಳಿ ಕಡೆಯಿಂದ ಬಂದ ತರಕಾರಿಯವನು ಕೂಗುತ್ತಾ ಇರುವಾಗ ಅವನ ಎದುರಿಗೇ ಅಂಕೋಲೆ ಕಡೆ ಹೆಂಗಸು ನಾಲ್ಕು ಕಟ್ಟು ಹರಿವೆ, ಒಂದು ಮೊಗೆಕಾಯಿ ಇಟ್ಟುಕೊಂಡು ಸುಮ್ನೆ ಕೂತಿರುತ್ತಾಳಲ್ಲ, ಆ ಇಬ್ಬರ ನಡುವಿನ ಪೈಪೋಟಿ ಎಲ್ಲಿಯೂ ಕಾಣಲಿಲ್ಲ. ಸಂತೆಯನ್ನು ಸಂತೆಯಾಗಿ ಬರೆದವರು ಯಾರಾದರೂ ಇದ್ದಾರಾ? ಗೊತ್ತಿದ್ದವರು ಹೇಳಿ. ಬೈಯೋದಿದ್ದರೂ ಬೈಯಿರಿ.

ಕುಮಟೆ ಅಕ್ಕೋರು

ತಮ್ಮಾ, ನಿನ್ನ ಪ್ರಶ್ನೆ 450 ವರ್ಷಕ್ಕಿಂತ ಹಳೆಯದು. ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಯುರೋಪಿನಲ್ಲಿ ಅಂಗಡಿ ಸಾಮಾನನ್ನು ಚಿತ್ರದ ಮುಂದಕ್ಕೆ ತಂದವರಲ್ಲಿ ದೊಡ್ಡ ಹೆಸರು ಪೀಟರ್ ಆರ್ಟ್‌ಸನ್. 1551ರಲ್ಲಿ ಒಂದು ಮಾಂಸದಂಗಡಿ ಬರೆದ. ಸುಲಿದ ಎತ್ತಿನ ತಲೆ ನಮ್ಮನ್ನೇ ದಿಟ್ಟಿಸುತ್ತದೆ, ಪಕ್ಕದಲ್ಲಿ ಹಂದಿ ತಲೆ, ಸಾಸೇಜು, ಮೀನು. ಇಷ್ಟರ ಹಿಂದೆ, ಕಿಟಕಿಯಂಥ ಜಾಗದಲ್ಲಿ, ಪುಟ್ಟದಾಗಿ ಮೇರಿ ಮಗುವನ್ನು ಹಿಡಿದುಕೊಂಡು ಬಡವರಿಗೆ ದಾನ ಕೊಡುತ್ತಿದ್ದಾಳೆ. ದೇವರು ಹಿಂದೆ, ಮಾಂಸ ಮುಂದೆ! ಆಗ ಅವನಿದ್ದ ಆಂಟ್‌ವರ್ಪ್ ಅಂದರೆ ಭಾರಿ ವ್ಯಾಪಾರದ ಊರು. ಜನರ ಕಣ್ಣು ಎಲ್ಲಿತ್ತೋ ಅದನ್ನೇ ಬರೆದು, ಹಿಂದೆ ಒಂದು ಎಚ್ಚರಿಕೆ ಇಟ್ಟ ಅಂತ ಹೇಳುತ್ತಾರೆ. ನನಗೇನೋ ಎತ್ತಿನ ತಲೆ ಬರೆಯುವಾಗ ಅವನಿಗೆ ಬಂದ ಖುಷಿ ಎಚ್ಚರಿಕೆಗಿಂತ ಜಾಸ್ತಿ ಇತ್ತು ಅನಿಸುತ್ತದೆ.

ಅವನ ಸೋದರಳಿಯ ಯೋಹಾಕಿಮ್ ಬ್ಯೂಕೆಲಾರ್ ಇನ್ನೂ ಮುಂದೆ ಹೋದ. 1569-70ರಲ್ಲಿ ನೆಲ, ನೀರು, ಗಾಳಿ, ಬೆಂಕಿ ಅಂತ ನಾಲ್ಕು ದೊಡ್ಡ ಚಿತ್ರ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ನೆಲಕ್ಕೆ ತರಕಾರಿ ಸಂತೆ, ನೀರಿಗೆ ಮೀನು ಮಾರ್ಕೆಟ್ಟು, ಗಾಳಿಗೆ ಕೋಳಿ ಮಾರುವವರು, ಬೆಂಕಿಗೆ ಅಡುಗೆಮನೆ. ಮೀನಿನ ಚಿತ್ರದಲ್ಲಿ 12 ಜಾತಿ ಮೀನು ಇವೆ ಅಂತ ಎಣಿಸಿದ್ದಾರೆ, ಯೇಸುವಿನ 12 ಶಿಷ್ಯರಿಗೆ ಹೊಂದಿಸಿ. ಕಮಾನಿನಾಚೆ ದೂರದ ನೀರಿನ ದಂಡೆಯಲ್ಲಿ ಯೇಸುವೂ ಕಾಣುತ್ತಾನೆ. ಆದರೆ ನೀನು ಹೇಳಿದ ತಕರಾರು ಇಲ್ಲೂ ಇದೆ. ಸಾಮಾನು ಬೇಕಾದಷ್ಟು, ಮಾರುವವರು ನಮ್ಮತ್ತ ನೋಡಿಕೊಂಡು ಕೂತಿದ್ದಾರೆ, ಕೊಡುಕೊಳ್ಳುವಿಕೆ ಕಡಿಮೆ.

ವ್ಯಾಪಾರ ಬೇಕಾದರೆ ಎಮಾನ್ಯುಯೆಲ್ ಡಿ ವಿಟ್ಟೆ ನೋಡು. ಚರ್ಚಿನ ಒಳಾಂಗಣ ಬರೆದೇ ಹೆಸರಾದವನು. 1662ರ ಆಸುಪಾಸಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಮೀನು ಮಾರ್ಕೆಟ್ಟು ಬರೆದಿದ್ದಾನೆ. ಆಡ್ರಿಯಾನಾ ವಾನ್ ಹ್ಯೂಸ್ಡನ್ ಅನ್ನುವ ಅನುಕೂಲಸ್ಥ ಹೆಂಗಸು ಮಗಳ ಜೊತೆ ಮೀನಿಗೆ ಬಂದಿದ್ದಾಳೆ, ಹಲಗೆಯ ಆಚೆ ಮಾರುವವಳು. ನೀನು ಹೇಳುವ ಕೊಳ್ಳುವವರು, ಮಾರುವವರು ಇಬ್ಬರೂ ಅಲ್ಲಿದ್ದಾರೆ.

ಐವತ್ತು ಎಂಎಂ

ಅಕ್ಕೋರೆ, ಪಾಠ ಭರ್ಜರಿ. ನಾನು ಕ್ಯಾಮೆರಾದವನು, ನನ್ನ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಫೋಟೊಗ್ರಫಿಗೆ ಮೊದಮೊದಲು ಸಂತೆ ಸಿಗುತ್ತಲೇ ಇರಲಿಲ್ಲ. 1838ರಲ್ಲಿ ಫೋಟೊಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ದಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಗಿಜಿಗುಡುವ ರಸ್ತೆ, ಆದರೆ ಚಿತ್ರದಲ್ಲಿ ಜನವೇ ಇಲ್ಲ. ಬೆಳಕು ಕೂರಲು ನಿಮಿಷಗಟ್ಟಲೆ ಬೇಕಿತ್ತು, ನಡೆಯುವವರೆಲ್ಲ ಅಳಿಸಿಹೋದರು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತ ಒಬ್ಬ ಮಾತ್ರ ಉಳಿದ. ಗಮನಿಸಿ, ಆ ದಿನ ಆ ಬೀದಿಯಲ್ಲಿ ಉಳಿದದ್ದು ಒಂದು ವ್ಯಾಪಾರವೇ!

1850ರ ದಶಕದ ಶುರುವಿನಲ್ಲಿ ಶಾರ್ಲ್ ನೆಗ್ರ್ ಅನ್ನುವವನು, ಮೂಲತಃ ಚಿತ್ರಕಾರ, ಬೇಗ ಬೆಳಕು ಹಿಡಿಯುವ ಹಾಗೆ ಲೆನ್ಸು ಜೋಡಿಸಿಕೊಂಡು ಪ್ಯಾರಿಸ್ ನದಿ ದಂಡೆಯ ಸಂತೆಯನ್ನು ಹಿಡಿದ. ಮಸುಕು ಮಸುಕು, ಆದರೆ ಜನ ಬಾಗಿದ್ದು, ತಿರುಗಿದ್ದು ಗೊತ್ತಾಗುತ್ತದೆ. ನನ್ನ ಪ್ರಕಾರ ಇವತ್ತಿನ ನೂರು ಮೆಗಾಪಿಕ್ಸೆಲ್ ಅಜ್ಜಿಗಿಂತ ಅದರಲ್ಲಿ ಸಂತೆ ಜಾಸ್ತಿ ಇದೆ.

ನಮ್ಮ ರಾಜ್ಯದ್ದೂ ಒಂದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೈನ್ಯದ ಅಧಿಕಾರಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದೇ ಊರಿನ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತು, ಬಟ್ಟೆ, ಕುದುರೆ, ನಿಂಬೆ, ದ್ರಾಕ್ಷಿ ಎಲ್ಲ ಕಂಡಿದ್ದ. ಗ್ರೀನ್‌ಲಾ ಹೋಗುವಷ್ಟರಲ್ಲಿ ಅಲ್ಲಿ ಉಳಿದದ್ದು ಕಂಬದ ಸಾಲು ಮಾತ್ರ. ಪದಗಳಲ್ಲಿ ತುಂಬಿದ ಸಂತೆ, ಫೋಟೊದಲ್ಲಿ ಖಾಲಿ ಸಂತೆ.

ಭಟ್ಕಳದವ

ಹಂಪಿಯ ಆ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು ಅಂತ ಇಲ್ಲಿ ನಮೂದಿಸಬೇಕು. ಅಷ್ಟೇ. ಚರ್ಚೆ ಮುಂದುವರಿಸಿ.

ಮಾಜಾಳಿ ಹುಡುಗಿ

ಎಲ್ಲ ಓದಿದೆ. ಈಗ ಹಲಗೆಯ ಈಚೆ ಕಡೆಯಿಂದ ಒಂದು ಮಾತು ಹೇಳಲಾ? ನನ್ನ ಆಯಿ (ಅಮ್ಮ) ಕಾರವಾರ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ.

ಅಕ್ಕೋರು ಹೇಳಿದ ಆ ಡಿ ವಿಟ್ಟೆ ಚಿತ್ರ ಹುಡುಕಿ ನೋಡಿದೆ. ಚೆನ್ನಾಗಿದೆ. ಆದರೆ ಹೆಸರು ನೋಡಿ. ಕೊಳ್ಳುವವಳ ಹೆಸರು 350 ವರ್ಷ ದಾಟಿ ನಮಗೂ ಗೊತ್ತು. ಮಾರುವವಳ ಹೆಸರು? ಶೀರ್ಷಿಕೆಯಲ್ಲಿ ಅವಳಿಲ್ಲವೇ ಇಲ್ಲ. ಮೀನು ತಂದು, ಚಳಿಯಲ್ಲಿ ಕೂತು, ಬೆಲೆ ಹೇಳಿದವಳು ಅವಳು.

ನಮ್ಮಲ್ಲೂ ಅದೇ ಕಥೆ. ಡಿಸೆಂಬರ್ ಬಂತು ಅಂದರೆ ದೊಡ್ಡ ಲೆನ್ಸಿನವರು ಗುಂಪು ಕಟ್ಟಿಕೊಂಡು ಬರುತ್ತಾರೆ. ಗಿರಾಕಿ ನಿಲ್ಲುವ ಜಾಗದಲ್ಲೇ ಮಂಡಿಯೂರಿ ಕೂರುತ್ತಾರೆ, ಹಿಂದೆ ಬಂದ ಗಿರಾಕಿ ಪಕ್ಕದವಳ ಹತ್ತಿರ ಹೋಗುತ್ತಾನೆ. "ಅಮ್ಮಾ ಇಲ್ಲಿ ನೋಡಿ, ನಗಿ" ಅಂತಾರೆ. ಮೀನು ಕೊಳ್ಳಲ್ಲ. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡರೆ ಅದನ್ನೂ ತೆಗೆಯುತ್ತಾರೆ, ಅದಕ್ಕೆ ನಾಚಿಕೆ ಅಂತ ಹೆಸರಿಡುತ್ತಾರೆ. ನಾಚಿಕೆ ಅಲ್ಲ ಸ್ವಾಮಿ, ಸಿಟ್ಟು ಅದು. ಒಂದು ಸಲ ಒಂದು ರೆಸಾರ್ಟಿನ ಕ್ಯಾಲೆಂಡರಿನಲ್ಲಿ ಆಯಿಯ ಫೋಟೊ ಬಂತು. ನಮಗೆ ಗೊತ್ತಾಗಿದ್ದು ಅಲ್ಲಿ ಕೆಲಸ ಮಾಡುವ ನೆಂಟರು ಹೇಳಿದಾಗ. ಒಂದು ಪ್ರತಿ ಕೂಡ ಕೊಟ್ಟಿರಲಿಲ್ಲ.

ಕಾಳಿ ದಂಡೆ ಅಣ್ಣ, ನೀವು ಬರೆಯಬೇಡಿ ಅನ್ನುತ್ತಿಲ್ಲ. ವ್ಯಾಪಾರ ಕಾಣುತ್ತಿಲ್ಲ ಅಂದಿರಲ್ಲ, ಕಾಣುವುದಾದರೂ ಹೇಗೆ? ಕ್ಯಾಮೆರಾ ಬಂದ ಕೂಡಲೇ ವ್ಯಾಪಾರ ನಿಂತುಬಿಡುತ್ತದೆ.

ಅಂಕೋಲೆ ಇಶಾಡ

ಮಾಜಾಳಿ ತಂಗಿ, ಇದನ್ನ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ನಮ್ಮ ಕಡೆ ಹಾಲಕ್ಕಿ ಸಮುದಾಯದ ಹೆಂಗಸರದ್ದು ಇದಕ್ಕಿಂತ ಕಷ್ಟ. ಕೊರಳ ತುಂಬ ಮಣಿಸರ, ಸೀರೆ ಉಡುವ ಅವರದೇ ರೀತಿ, ಇಷ್ಟು ಕಂಡರೆ ಸಾಕು ಫೋಟೊದವರು ಓಡಿ ಬರುತ್ತಾರೆ. ಅವರ ಬುಟ್ಟಿಯಲ್ಲಿ ಏನಿದೆ ಅಂತ ಒಬ್ಬರೂ ನೋಡುವುದಿಲ್ಲ. ಬಸಳೆ, ಗೆಣಸು, ಕಾಡಿನಿಂದ ತಂದ ಸೊಪ್ಪು, ಅಬ್ಬಲಿಗೆ ದಂಡೆ, ಮಳೆಗಾಲ ಹತ್ತಿರ ಬಂದರೆ ಕರಿ ಇಶಾಡ ಮಾವು. ಬೆಳೆದವರೇ ತಂದು ಮಾರುವುದು, ನಡುವೆ ದಲ್ಲಾಳಿ ಇಲ್ಲ. ಅದು ಅಲ್ವಾ ವಿಷಯ? ಚಿತ್ರದ ಕೆಳಗೆ ಬರೆಯುವುದು ಮಾತ್ರ "ಬುಡಕಟ್ಟು ಮಹಿಳೆ".

ಇದರ ಬೇರು ಹಳೆಯದು. ಕಂಪನಿ ಕಾಲದಲ್ಲಿ ನಮ್ಮ ಕಲಾವಿದರಿಂದಲೇ ಬ್ರಿಟಿಷರು ಚಿತ್ರ ಬರೆಸಿಕೊಳ್ಳುತ್ತಿದ್ದರು: ಬಳೆಗಾರ, ನೇಕಾರ, ಹಾಲು ಮಾರುವವಳು, ಒಂದೊಂದು ಕಸುಬಿಗೆ ಒಂದೊಂದು ಹಾಳೆ, ಹಿಂದೆ ಖಾಲಿ ಬಿಳಿ. ಅಭ್ರಕದ ಹಾಳೆ ಮೇಲೂ ಬರೆದು ಮಾರುತ್ತಿದ್ದರು. ಆಮೇಲೆ 1868ರಿಂದ 1875ರವರೆಗೆ ಸರ್ಕಾರವೇ ಎಂಟು ಸಂಪುಟ ಫೋಟೊ ತಂದಿತು, ಜಾತಿ ಬುಡಕಟ್ಟು ಲೆಕ್ಕದಲ್ಲಿ. ಮನುಷ್ಯ ಯಾರು ಅನ್ನುವುದು ಬೇಕಿಲ್ಲ, ಯಾವ ನಮೂನೆ ಅನ್ನುವುದು ಬೇಕು. ಸಂತೆಯಲ್ಲಿ ಮಣಿಸರಕ್ಕೆ ಜೂಮ್ ಮಾಡುವವರು ಗೊತ್ತಿಲ್ಲದೇ ಅದೇ ಕೆಲಸ ಮುಂದುವರಿಸುತ್ತಿದ್ದಾರೆ.

2021ರಲ್ಲಿ, ಗಿಡ ನೆಟ್ಟು ಬೆಳೆಸಿದ ಹಾಲಕ್ಕಿ ಹಿರಿಯೆ ತುಳಸಿ ಗೌಡರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಫೋಟೊ ನೆನಪಿದೆಯಾ? ದೇಶವೆಲ್ಲ ನೋಡಿತು. ಅದೇ ಉಡುಪು, ಅದೇ ಮಣಿಸರ. ಆದರೆ ಅಲ್ಲಿ ಹೆಸರು ಇತ್ತು, ಅವರು ಮಾಡಿದ ಕೆಲಸ ಇತ್ತು. ವ್ಯತ್ಯಾಸ ಅಷ್ಟರಲ್ಲೇ ಇದೆ.

ಚಾಲಿ ರಾಶಿ, ಶಿರಸಿ

ಮಾರಾಯ್ರೆ, ನೀವೆಲ್ಲ ಕರಾವಳಿಯವರು ಮೀನು ತರಕಾರಿ ಅಂತ ಬಣ್ಣ ಬಣ್ಣದ ಮಾತಾಡುತ್ತೀರಿ. ನಮ್ಮ ಅಡಿಕೆ ವ್ಯಾಪಾರ ಬರೆಯಿರಿ ನೋಡೋಣ! ಕೂಗಾಟ ಇಲ್ಲ, ಬಣ್ಣ ಇಲ್ಲ. ರಾಶಿ ಸಾಲಾಗಿ ಹಾಕಿರುತ್ತಾರೆ, ಪ್ರತಿ ರಾಶಿಗೂ ನಂಬರು. ವ್ಯಾಪಾರಿ ಬಂದು ಬಗ್ಗಿ ಒಂದು ಹಿಡಿ ಎತ್ತುತ್ತಾನೆ, ಒಂದೆರಡು ಕತ್ತರಿಸಿ ಒಳಗೆ ನೋಡುತ್ತಾನೆ, ಮುಖದಲ್ಲಿ ಏನೂ ತೋರಿಸುವುದಿಲ್ಲ, ಮುಂದಕ್ಕೆ ಹೋಗುತ್ತಾನೆ. ದರ ಟೆಂಡರಿನಲ್ಲಿ ಹಾಕುತ್ತಾನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯಲ್ಲೇ ಬಗೆಗಳಿವೆ, ಹೊರಗಿನವರಿಗೆ ಎಲ್ಲವೂ ಕಂದು. ಬೆಳೆಗಾರ ಮಾತ್ರ ಮೂಲೆಯಲ್ಲಿ ನಿಂತು ಆ ಕೈಯನ್ನೇ ನೋಡುತ್ತಿರುತ್ತಾನೆ. ವರ್ಷದ ಗಳಿಕೆ ಆ ಒಂದು ಹಿಡಿಯಲ್ಲಿ ಇದೆ.

ಇಷ್ಟು ವರ್ಷದಲ್ಲಿ ಶಿರಸಿ ಬಗ್ಗೆ ನಾನು ನೋಡಿದ ಫೋಟೊ ಎಲ್ಲ ಮಾರಿಕಾಂಬಾ ಜಾತ್ರೆಯ ಬಳೆ ಅಂಗಡಿ, ತೊಟ್ಟಿಲು. ಅಲ್ಲಿ ಬಣ್ಣ ಇದೆ, ಸರಿ. ಆದರೆ ಊರನ್ನು ಸಾಕಿದ್ದು ಈ ಬಣ್ಣವಿಲ್ಲದ ವ್ಯಾಪಾರ. ಅದನ್ನು ಚಿತ್ರಿಸುವ ಧೈರ್ಯ ಯಾರಿಗಿದೆ?

ಕುಮಟೆ ಅಕ್ಕೋರು

ಚಾಲಿ ರಾಶಿಯವರೇ, ನೀವು ಹೇಳಿದ್ದರಲ್ಲೇ ಚಿತ್ರ ಇದೆಯಲ್ಲ. ಮುಂದೆ ದೊಡ್ಡದಾಗಿ ಕೈ, ಹಿಂದೆ ಚಿಕ್ಕದಾಗಿ ಬೆಳೆಗಾರ. ಆರ್ಟ್‌ಸನ್ ಮಾಡಿದ ಉಪಾಯವೇ. ಅವನು ಹಿಂದೆ ಮೇರಿಯನ್ನು ಇಟ್ಟ, ನೀವು ಬೆಳೆಗಾರನನ್ನು ಇಡಿ.

ಬಣ್ಣ ಇಲ್ಲ ಅನ್ನುವ ಚಿಂತೆ ಬೇಡ. ನಿಮ್ಮ ಮಾರಿಕಾಂಬಾ ಗುಡಿ ಗೋಡೆಯ ಕಾವಿ ಕಲೆ ನೋಡಿ. ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ಎರಡೇ. ಹಸಿ ಗಾರೆಯ ಮೇಲೆ ಕೆಂಪು ಹಚ್ಚಿ, ಗೀರಿ ಬಿಳಿ ತೆಗೆಯುವುದು. ಎರಡೇ ಬಣ್ಣದಲ್ಲಿ ಇಡೀ ಪುರಾಣ ನಿಲ್ಲಿಸಿದ್ದಾರೆ. ಅಡಿಕೆ ರಾಶಿಗೆ ಅಷ್ಟು ಸಾಲದೇ? ಕಾವಿಯ ರೀತಿಯಲ್ಲಿ ಯಾರಾದರೂ ಶಿರಸಿಯ ಹರೆಯದವರು ಅಡಿಕೆ ವಖಾರಿ ಬರೆದರೆ ನಾನು ಘಟ್ಟ ಹತ್ತಿ ಬಂದು ನೋಡುತ್ತೇನೆ.

ಮಾಜಾಳಿ ಹುಡುಗಿಗೆ: ಹೆಸರಿನ ಮಾತು ನಿಜ. ಅದಕ್ಕೆ ಇಂಗ್ಲೆಂಡಿನ ಹೊಗಾರ್ತ್ ಬರೆದ ಶೆಟ್ಲಿ (ಸಿಗಡಿ) ಮಾರುವ ಹುಡುಗಿಯನ್ನು ನೋಡು. 1740ರ ದಶಕದ ಶುರುವಿನದು, ಅದೂ ಲಂಡನ್ನಿನ ಅದೇ ಗ್ಯಾಲರಿಯಲ್ಲಿದೆ. ಅವಳಿಗೂ ಹೆಸರಿಲ್ಲ. ಆದರೆ ಅವಳ ತಲೆ ಮೇಲಿನ ಬುಟ್ಟಿಯಲ್ಲಿ ಶೆಟ್ಲಿಯ ಜೊತೆ ಅಳೆಯುವ ಪಾತ್ರೆಯೂ ಇದೆ. ಅವಳು ನಮ್ಮನ್ನು ನೋಡುತ್ತಿಲ್ಲ, ಪಕ್ಕಕ್ಕೆ ಯಾರನ್ನೋ ನೋಡುತ್ತಿದ್ದಾಳೆ, ಬಹುಶಃ ಗಿರಾಕಿ. ನಗು ಇದೆ, ಆದರೆ ಅದು ಚಿತ್ರಕಾರನಿಗಾಗಿ ಹಾಕಿಕೊಂಡ ನಗು ಅಲ್ಲ. ಹೊಗಾರ್ತ್ ಅದನ್ನು ಮುಗಿಸಲೇ ಇಲ್ಲ, 1764ರಲ್ಲಿ ಅವನು ಸಾಯುವವರೆಗೂ ಮನೆಯಲ್ಲೇ ಇತ್ತು. ಬೇಗ ಬೇಗ ಎಳೆದ ಕುಂಚ, ಅದಕ್ಕೇ ಅವಳು ಈಗಷ್ಟೇ ತಿರುಗಿದಳು ಅನ್ನುವ ಹಾಗಿದೆ.

ಅಳ್ವೇಕೋಡಿ ಈರುಳ್ಳಿ

ಎಲ್ಲರೂ ರಾಶಿಗೆ ಬೈಯುತ್ತಿದ್ದೀರಿ. ನಾನು ರಾಶಿ ಪರ. ನಮ್ಮದು ಕುಮಟೆಯ ಸಿಹಿ ಈರುಳ್ಳಿ, ಬೇಸಿಗೆಯಲ್ಲಿ ಹೆದ್ದಾರಿ 66ರ ಪಕ್ಕ ನೇತುಹಾಕಿ ಮಾರುತ್ತೇವೆ, ನೋಡಿರುತ್ತೀರಿ. ಗೊಂಚಲು ಕಟ್ಟುವುದು ಸುಮ್ನೆ ಅಂದುಕೊಂಡಿರಾ? ದೊಡ್ಡದು ಕೆಳಗೆ, ಸಣ್ಣದು ಮೇಲೆ, ಸಿಪ್ಪೆ ಹೋದದ್ದು ಒಳಗೆ, ಕೆಂಪಾಗಿ ಹೊಳೆಯುವುದು ರಸ್ತೆಯ ಕಡೆ. ಕಾರು ಜೋರಾಗಿ ಬರುತ್ತಿರುತ್ತದೆ, ಓಡಿಸುವವನ ಕಣ್ಣಿಗೆ ಅರೆಗಳಿಗೆಯಲ್ಲಿ ಬೀಳಬೇಕು. ಬೆಳಿಗ್ಗೆ ಎಲ್ಲಿ ಬಿಸಿಲು ಬೀಳುತ್ತದೆ ಅಂತ ನೋಡಿ ಕಂಬ ಹುಗಿಯುತ್ತೇವೆ.

ಅಂದರೆ ಆ ಚೆಂದ ಫೋಟೊದವನು ಹುಟ್ಟಿಸಿದ್ದಲ್ಲ, ಮಾರುವವರು ಮಾಡಿದ್ದು. ಮೀನಿನವಳು ಬಂಗಡೆಯನ್ನು ಎಲ್ಲ ತಲೆ ಒಂದೇ ಕಡೆ ಇಟ್ಟು ಜೋಡಿಸುವುದೂ ಹಾಗೇ, ತರಕಾರಿಯವನು ಟೊಮೆಟೊ ಮೇಲೆ ನೀರು ಚಿಮುಕಿಸುವುದೂ ಹಾಗೇ. ಅದೇ ನಮ್ಮ ಜಾಹೀರಾತು. ರಾಶಿ ಬರೆದರೆ ವ್ಯಾಪಾರ ಬರೆದ ಹಾಗೇ ಆಯಿತು, ಬರೆಯುವವನಿಗೆ ಅದು ಗೊತ್ತಿದ್ದರೆ.

ಫೋಟೊದವರು ಬಂದರೆ ನನಗೇನೂ ಬೇಜಾರಿಲ್ಲ. ಒಬ್ಬ ನಿಂತರೆ ಹಿಂದಿನ ಇನ್ನೊಂದು ಕಾರೂ ನಿಲ್ಲುತ್ತದೆ. ಒಂದು ಗೊಂಚಲು ತಗೊಂಡು ಹೋಗಲಿ ಅಷ್ಟೇ.

ಕಾಳಿ ದಂಡೆ

ಈರುಳ್ಳಿಯವರೇ, ಈ ಮಾತು ನನ್ನ ತಲೆಯಲ್ಲಿ ಬಂದೇ ಇರಲಿಲ್ಲ. ಮಾರುವವರೇ ಮೊದಲ ಚಿತ್ರಕಾರರು ಅಂತಾಯಿತು. ಹಾಗಿದ್ದರೆ ನಾನು ಬರೆಯಬೇಕಾದದ್ದು ಜೋಡಿಸುವ ಹೊತ್ತನ್ನೇ ಅಲ್ವಾ? ಬೆಳಿಗ್ಗೆ ಮೂಟೆ ಬಿಚ್ಚಿ, ತಾಡಪಾಲು ಹಾಸಿ, ಪಕ್ಕದವನ ಜೊತೆ ಗೇಣು ಜಾಗಕ್ಕೆ ಜಗಳ ಮಾಡಿ ರಾಶಿ ಏರಿಸುವುದು. ಆಗ ಗಿರಾಕಿಯೂ ಕಮ್ಮಿ, ಯಾರ ವ್ಯಾಪಾರಕ್ಕೂ ಅಡ್ಡ ಆಗುವುದಿಲ್ಲ.

ಇನ್ನೊಂದು ಕಷ್ಟ ಇದೆ. ಸಂತೆ ಉದ್ದ. ರಸ್ತೆಯ ಎರಡೂ ಬದಿ ಹಾಕಿರುತ್ತಾರೆ, ಒಂದು ಹಾಳೆಯಲ್ಲಿ ಹಿಡಿಯುವುದು ಹೇಗೆ?

ಐವತ್ತು ಎಂಎಂ

ಹಿಡಿಯಬೇಡಿ. ಉದ್ದಕ್ಕೆ ಬರೆಯಿರಿ. 12ನೇ ಶತಮಾನದಲ್ಲಿ ಚೀನಾದ ಝಾಂಗ್ ಜೆದುವಾನ್ ರಾಜಧಾನಿಯ ನದಿ, ಸೇತುವೆ, ಪೇಟೆ ಎಲ್ಲ ಒಂದೇ ಸುರುಳಿಯಲ್ಲಿ ಬರೆದಿದ್ದಾನೆ. ಎತ್ತರ 25 ಸೆಂಟಿಮೀಟರಿಗೂ ತುಸು ಕಮ್ಮಿ, ಉದ್ದ 5 ಮೀಟರಿಗಿಂತ ಜಾಸ್ತಿ. ಬಲಗಡೆಯಿಂದ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ನೋಡಬೇಕು, ಸಂತೆಯಲ್ಲಿ ನಡೆದಷ್ಟೇ ಮುಂದಿನದು ಕಾಣುವುದು. ಸೇತುವೆ ಮೇಲೆ ಅಂಗಡಿ, ಕೆಳಗೆ ದೋಣಿ ಸಿಕ್ಕಿಕೊಳ್ಳುವ ಹಾಗಾಗಿ ಎಲ್ಲರೂ ಕೂಗಾಡುತ್ತಿದ್ದಾರೆ. ದೊಡ್ಡ ಮುಖ ಒಂದೂ ಇಲ್ಲ, ಎಲ್ಲರೂ ಏನೋ ಒಂದು ಮಾಡುತ್ತಿದ್ದಾರೆ.

ಇದಕ್ಕೆ ಉಲ್ಟಾ ಬೇಕಾದರೆ ಇಟಲಿಯ ಗುಟ್ಟುಸೊ. 1974ರಲ್ಲಿ ಪಲೆರ್ಮೊ ಊರಿನ ವುಚ್ಚಿರಿಯಾ ಮಾರ್ಕೆಟ್ಟು ಬರೆದ. 3 ಮೀಟರ್ ಅಗಲ, 3 ಮೀಟರ್ ಎತ್ತರ, ಉಸಿರಾಡಲು ಜಾಗ ಇಲ್ಲ. ಎರಡೂ ಕಡೆ ಮಾಂಸ, ಮೀನು, ತರಕಾರಿ ಒತ್ತಿಕೊಂಡು ಬಂದಿವೆ, ನಡುವಿನ ಸಣ್ಣ ಓಣಿಯಲ್ಲಿ ಜನ ಮೈ ತಾಗಿಸಿಕೊಂಡು ಹೋಗುತ್ತಿದ್ದಾರೆ. ಆಕಾಶವೇ ಕಾಣುವುದಿಲ್ಲ. ಚೌತಿ ಹಿಂದಿನ ದಿನ ಕಾರವಾರ ಪೇಟೆಗೆ ಹೋದವರಿಗೆ ಇದು ಪೂರ್ತಿ ಅರ್ಥ ಆಗುತ್ತದೆ.

ಫೋಟೊ ತೆಗೆದು ಆಮೇಲೆ ಮನೆಯಲ್ಲಿ ಬರೆಯುವುದಾದರೆ ಒಂದೆರಡು ಕೆಲಸದ ಮಾತು. ನೀಲಿ ತಾಡಪಾಲಿನ ಕೆಳಗೆ ಎಲ್ಲರ ಮುಖವೂ ನೀಲಿಯಾಗಿ ಬರುತ್ತದೆ, ಕೆಂಪು ಕೊಡೆ ಕೆಳಗೆ ಟೊಮೆಟೊ ಇನ್ನೂ ಕೆಂಪು. ಕೊಡೆಯದ್ದು ವ್ಯಾಪಾರಿಯ ಜಾಣತನ, ಅದನ್ನು ಮೊಬೈಲಿನಲ್ಲಿ ಸರಿ ಮಾಡಲು ಹೋಗಬೇಡಿ, ಇರುವುದೇ ಹಾಗೆ. ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬರುತ್ತಿದ್ದರೆ ಶಟರ್ ವೇಗ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಈ ಎರಡು ವೇಗಕ್ಕೆ ಅದು ಹೊಂದಿಕೊಳ್ಳುತ್ತದೆ. ಇನ್ನು ದೂರದಿಂದ ದೊಡ್ಡ ಲೆನ್ಸ್ ಹಾಕಿ ಕದ್ದು ತೆಗೆಯುವ ಅಭ್ಯಾಸ ಬಿಡಿ. ಹತ್ತಿರ ಹೋಗಿ, ಮಾತಾಡಿ. ಆಗ ಮುಖ ಸಿಗದಿದ್ದರೂ ಕೈ ಸಿಗುತ್ತದೆ. ನೋಟು ಮಡಚಿ ಸೊಂಟದ ಚೀಲಕ್ಕೆ ತುರುಕುವ ಕೈ, ಈಗ ಕ್ಯೂಆರ್ ಕೋಡಿನ ರಟ್ಟು ತಿರುಗಿಸಿ ತೋರಿಸುವ ಕೈ.

ಹೊನ್ನಾವರ ಟು ಬೆಂಗಳೂರು

ಕ್ಯೂಆರ್ ಅಂದ ಕೂಡಲೇ ನೆನಪಾಯಿತು. ಜರ್ಮನಿಯ ಗುರ್ಸ್ಕಿ 1999ರಲ್ಲಿ ತೆಗೆದ 99 ಸೆಂಟ್ ಅಂಗಡಿಯ ದೊಡ್ಡ ಫೋಟೊ ನೋಡಿದ್ದೀರಾ? ಅಮೆರಿಕದ್ದು. ಸಾಲು ಸಾಲು ಪೊಟ್ಟಣ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಮಾರುವವರೇ ಕಾಣುವುದಿಲ್ಲ, ಕೊಳ್ಳುವವರ ತಲೆ ಅಲ್ಲಲ್ಲಿ. ಈ ಸರಣಿಯ ಎರಡನೇ ಕೃತಿ 2007ರಲ್ಲಿ ಹರಾಜಿನಲ್ಲಿ 33 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ಎಲ್ಲವೂ 99 ಸೆಂಟಿಗೆ ಸಿಗುವ ಅಂಗಡಿಯ ಫೋಟೊ!

ನಾನಿಲ್ಲಿ ವಾರಕ್ಕೊಮ್ಮೆ ಅಂಥದ್ದೇ ಅಂಗಡಿಯಲ್ಲಿ ತರಕಾರಿ ತಗೊಳ್ಳುತ್ತೇನೆ. ಅಲ್ಲಿ ಬರೆಯಲು ಏನಿದೆ ಅಂತ ಅನಿಸುತ್ತಿತ್ತು. ಮನುಷ್ಯರು ಮರೆಯಾಗಿದ್ದನ್ನೇ ಬರೆಯಬಹುದು ಅಂತ ಅವನು ತೋರಿಸಿದ. ಆದರೂ ಗೋಡೆಗೆ ಹಾಕಲು ನನಗೆ ಕುಮಟೆ ಈರುಳ್ಳಿ ಗೊಂಚಲೇ ಇರಲಿ.

ಅಂಕೋಲೆ ಇಶಾಡ

ಎಲ್ಲ ಹೊರದೇಶದ್ದೇ ಆಯಿತು. ನಮ್ಮಲ್ಲಿ ಬಿ. ಪ್ರಭಾ ಇದ್ದರು, ಮೀನುಗಾರ ಹೆಂಗಸರನ್ನೇ ಮತ್ತೆ ಮತ್ತೆ ಬರೆದವರು, ಉದ್ದ ಕತ್ತು, ಉದ್ದ ಕೈ, ಪಕ್ಕದಲ್ಲಿ ಬುಟ್ಟಿ. ಚೆಂದ ಇದೆ, ಆದರೆ ಆ ಹೆಂಗಸರು ಯಾವತ್ತೂ ಮೀನು ಮಾರಿ ಮುಗಿಸುವುದಿಲ್ಲ, ಕಾಯುತ್ತಲೇ ಇರುತ್ತಾರೆ. ನನಗೆ ಅದು ಸ್ವಲ್ಪ ಜಾಸ್ತಿ ದುಃಖ ಅನಿಸುತ್ತದೆ. ನಮ್ಮ ಮೀನಿನ ಹೆಂಗಸರು ಬಾಯಿ ಜೋರು ಮಾಡಿ, ನಗಿಸಿ, ಬೈದು ಮಾರುವವರು. ಬಾಂಬೆಯ ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ರೈತರು, ವ್ಯಾಪಾರಿಗಳು ಇದ್ದಾರೆ ನೋಡಿ, 1869ರ ಕಟ್ಟಡ, ಕೆತ್ತನೆ ಲಾಕ್‌ವುಡ್ ಕಿಪ್ಲಿಂಗ್ ಮಾಡಿದ್ದು. ಮಾರ್ಕೆಟ್ಟಿನ ಚಿತ್ರವನ್ನು ಮಾರ್ಕೆಟ್ಟಿಗೇ ಹಾಕಿದ್ದಾರೆ. ನಮ್ಮ ಊರುಗಳಲ್ಲಿ ಹೊಸ ಮಾರ್ಕೆಟ್ ಕಟ್ಟುವಾಗ ಬಿಳಿ ಟೈಲ್ಸ್ ಬಿಟ್ಟು ಬೇರೇನೂ ತೋಚುವುದಿಲ್ಲ.

ಐವತ್ತು ಎಂಎಂ

ಬಾಯಿ ಜೋರು ಬೇಕಾದರೆ ಅಮೆರಿಕದ ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್ 1943ರಲ್ಲಿ ನ್ಯೂಯಾರ್ಕಿನ ಫುಲ್ಟನ್ ಮೀನು ಮಾರ್ಕೆಟ್ಟಿನಲ್ಲಿ ತೆಗೆದದ್ದು ನೋಡಿ. ಮೀನು ಇಳಿಸುವವರು, ತೂಗುವವರು, ಎಲ್ಲರೂ ಕೆಲಸದಲ್ಲಿ. ಹಾಗೇ ಫ್ರಾನ್ಸಿನ ಫೋಟೊಗ್ರಾಫರ್ ದುವಾನೋ ಪ್ಯಾರಿಸ್ಸಿನ ಲೆ ಹಾಲ್ ಸಗಟು ಮಾರ್ಕೆಟ್ಟನ್ನು ದಶಕಗಟ್ಟಲೆ ತೆಗೆದ. 1969ರಲ್ಲಿ ಮಾರ್ಕೆಟ್ಟು ಊರ ಹೊರಗೆ ಹೋಯಿತು, 1971ರಲ್ಲಿ ಹಳೆಯ ಮಂಟಪಗಳನ್ನು ಒಡೆದರು, ಅದನ್ನೂ ತೆಗೆದ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರ ಲಾಭ ಅದು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳಲ್ಲೂ ಜನ ನಮಗಾಗಿ ನಿಂತ ಹಾಗೆ ಕಾಣುವುದಿಲ್ಲ, ಅವರ ಪಾಡಿಗೆ ಅವರಿರುತ್ತಾರೆ.

ಮಾಜಾಳಿ ಹುಡುಗಿ

ಕಾಳಿ ದಂಡೆ ಅಣ್ಣ, ರಾತ್ರಿ ಆಯಿಗೆ ಈ ಚರ್ಚೆ ಓದಿ ಹೇಳಿದೆ. ಎತ್ತಿನ ತಲೆ ಬರೆದವನ ಕಥೆ ಕೇಳಿ ನಕ್ಕಳು. ನೀವು ಬಂದು ಬರೆಯಬಹುದಂತೆ. ಷರತ್ತು ಇವೆ. ಭಾನುವಾರ ಬೆಳಿಗ್ಗೆ ವ್ಯಾಪಾರದ ಹೊತ್ತಿನಲ್ಲಿ ಎದುರಿಗೆ ನಿಲ್ಲಬಾರದು, ಹಿಂದೆ ಐಸ್ ಪೆಟ್ಟಿಗೆ ಹತ್ತಿರ ಕೂರಬೇಕು. ಅಲ್ಲಿಂದ ಅವಳ ಬೆನ್ನು, ಗಿರಾಕಿಗಳ ಮುಖ ಕಾಣುತ್ತದೆ. ಗಿರಾಕಿ ಮುಖ ಬರೆಯಿರಿ ಅಂದಳು, ಮೂಗು ಮುರಿದು ಬಂಗಡೆಯ ಕಿವಿರು ಎತ್ತಿ ನೋಡುತ್ತಾರಲ್ಲ, ಅದು. ಚಿತ್ರಕ್ಕೆ ಹೆಸರಿಡುವಾಗ ಅವಳನ್ನು ಕೇಳಬೇಕು. ತಕ್ಕಡಿಯ ಮುಳ್ಳು ಬರೆಯುವುದಾದರೆ ಸರಿಯಾಗಿ ನಡುವಿಗೇ ಬರೆಯಬೇಕು.

ಕಾಳಿ ದಂಡೆ

ತಂಗಿ, ಎಲ್ಲ ಷರತ್ತೂ ಒಪ್ಪಿಗೆ. ಬೆನ್ನ ಹಿಂದಿನಿಂದ ನೋಡುವುದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ಹೊತ್ತು ಮಾತಾಡಿದ ಚಿತ್ರಗಳಲ್ಲಿ ಮಾರುವವಳ ಕಡೆಯಿಂದ ಗಿರಾಕಿಯನ್ನು ನೋಡಿದ್ದು ಒಂದೂ ನೆನಪಾಗುತ್ತಿಲ್ಲ. ಆಯಿಗೆ ಕೇಳಿ ಹೇಳು, ಜೂನ್‌ನಲ್ಲಿ ಬರಲಾ? ಆಗ ನನಗೆ ರಜೆ.

ಬೈತಖೋಲ್ ಬೋಟು

ಜೂನ್‌ನಲ್ಲಿ ಬಂದು ಏನು ಬರೆಯುತ್ತೀರಿ ಅಣ್ಣ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಮಾರ್ಕೆಟ್ಟಿನಲ್ಲಿ ಒಣಮೀನು, ಬೆಳಚು, ಸಣ್ಣ ದೋಣಿಯವರು ತಂದ ಚೂರು ಪಾರು ಇರುತ್ತದೆ. ಖಾಲಿ ಕಟ್ಟೆ ಬರೆಯುವುದಾದರೆ ಬನ್ನಿ, ಅದೂ ಒಂದು ಚಿತ್ರವೇ, ಒಣಮೀನಿನವರಿಗೆ ಆಗಲೇ ಸೀಸನ್.

ತುಂಬಿದ ಮಾರ್ಕೆಟ್ಟು ಬೇಕಾದರೆ ಆಗಸ್ಟ್. ಬೆಳಿಗ್ಗೆ ಮೊದಲು ಬೈತಖೋಲ್ ಬಂದರಿಗೆ ಬನ್ನಿ, ಹರಾಜು ನೋಡಿ, ಅಲ್ಲಿಂದ ಯಾವ ಬುಟ್ಟಿ ಯಾರ ತಲೆ ಮೇಲೆ ಹೋಯಿತು ಅಂತ ಹಿಂಬಾಲಿಸಿ ಮಾರ್ಕೆಟ್ಟಿಗೆ ಹೋಗಿ. ಚೀನಾದವನ ಸುರುಳಿ ಹಾಗೆ ಉದ್ದಕ್ಕೆ ಬರೆಯಬಹುದು. ಜಲವರ್ಣದ ಕಾಗದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನಿ, ಜೆಟ್ಟಿ ಮೇಲೆ ಎಲ್ಲ ಕಡೆ ನೀರು. ಚಪ್ಪಲಿ ಬೇಡ, ಜಾರುತ್ತದೆ, ಗಮ್‌ಬೂಟು ಇಲ್ಲದಿದ್ದರೆ ನಮ್ಮ ಬೋಟಿನದ್ದು ಒಂದು ಜೊತೆ ಕೊಡುತ್ತೇನೆ.